ಒಂದು ಎಲೆ ತಗೊಳ್ಳಿ, ಮೇಷ್ಟ್ರೇ!

ನಮ್ಮ ಮನೆಗೂ ಪಕ್ಕದ ಮನೆ ಮೇಷ್ಟ್ರ ಮನೆಗೂ ನಡುವೆ ಇರೋದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಕಟ್ಟಿಸಿದಾಗ ಖರ್ಚು ಅರ್ಧ ಅವರದು, ಅರ್ಧ ನನ್ನದು. ಅದರ ಮೇಲೆ ಮೊಣಕೈ ಊರಿ ಹರಟೆ ಹೊಡೆಯುವುದರಲ್ಲಿ ಮಾತ್ರ ಮುಕ್ಕಾಲು ಪಾಲು ನನ್ನದೇ ಅಂತ ನನ್ನಾಕೆಯ ಲೆಕ್ಕ. ಬೆಳಗ್ಗೆ ಆರೂವರೆಗೆ ಅವರು ಹಾಲಿನ ಪ್ಯಾಕೆಟ್ ಹಿಡಿದು ಆ ಕಡೆ, ನಾನು ಪೇಪರ್ ಹಿಡಿದು ಈ ಕಡೆ. ಹಾಲು ಬೆಚ್ಚಗಾಗಿ, ಪೇಪರು ತಣ್ಣಗಾಗುವ ತನಕ ನಮ್ಮ ಕಛೇರಿ ನಡೆಯುತ್ತದೆ.

ಈ ಬೇಸಿಗೆಯಲ್ಲಿ ಆ ಗೋಡೆಯ ಮೇಲೆ ಒಂದು ಅನಾಹುತ ಆಯಿತು. ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ, ಸ್ಕೂಲ್ ವ್ಯಾನಿನಲ್ಲಿ ಗೆಳತಿ ಕಲಿಸಿದ ಇಸ್ಪೀಟ್ ಜಾದೂವನ್ನು ಮೇಷ್ಟ್ರಿಗೆ ತೋರಿಸಲು ಹೊರಟಳು. 21 ಎಲೆ, ಮೂರು ಸಾಲು, ಸಾಲಿಗೆ ಏಳು. "ಒಂದು ಎಲೆ ಮನಸ್ಸಲ್ಲಿ ಇಟ್ಕೊಳ್ಳಿ ಮೇಷ್ಟ್ರಜ್ಜ. ಯಾವ ಸಾಲಲ್ಲಿದೆ ಅಂತ ಮಾತ್ರ ಹೇಳಿ." ಅವರು ಹೇಳಿದರು. ಇವಳು ಎಲೆ ಎತ್ತಿ ಮತ್ತೆ ಹಂಚಿದಳು, ಮತ್ತೆ ಕೇಳಿದಳು. ಮೂರನೇ ಸಲ ಹಂಚಿ, ಎತ್ತಿ, ಕಣ್ಣು ಮುಚ್ಚಿ, ತುಟಿ ಪಿಟಿಪಿಟಿ ಅನ್ನಿಸಿ, ಇನ್ನೇನು ಎಲೆ ತೆಗೆಯಬೇಕು, ಅಷ್ಟರಲ್ಲಿ ಮೇಷ್ಟ್ರು, "ಹನ್ನೊಂದನೇದು ತೆಗಿ ಮಗು" ಅಂದುಬಿಟ್ಟರು.

ಅಷ್ಟಕ್ಕೇ ಬಿಡಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಗಣಿತ ಹೇಳಿಕೊಟ್ಟವರು ಅವರು. "ನೋಡು, ಮೊದಲ ಸಲ ನಾನು ಸಾಲು ಹೇಳಿದಾಗಲೇ ಇಪ್ಪತ್ತೊಂದು ಹೋಗಿ ಏಳಾಯಿತು. ಆ ಸಾಲನ್ನ ನಡುವೆ ಇಟ್ಟು ಮತ್ತೆ ಹಂಚಿದೆ. ಆ ಏಳು ಎಲೆ ಮೂರು ಸಾಲಿಗೂ ಹರಿದುಹೋದವು, ಸಾಲಿಗೆ ಎರಡೋ ಮೂರೋ. ಎರಡನೇ ಸಲ ಸಾಲು ಹೇಳಿದೆ, ಉಳಿದದ್ದು ಅದೇ ಎರಡು ಮೂರು. ಇನ್ನೊಂದು ಸಲ ಹಂಚಿದಾಗ ಅವು ಬೇರೆ ಬೇರೆ ಸಾಲಿನಲ್ಲಿ, ಎಲ್ಲವೂ ನಾಲ್ಕನೇ ಜಾಗದಲ್ಲಿ ಕೂತವು. ಮೂರನೇ ಸಲ ಸಾಲು ಹೇಳಿದ ಮೇಲೆ ಇನ್ನೇನು ಉಳೀತು? ಮೇಲಿನ ಸಾಲಿನ ಏಳು, ಇದರ ನಾಲ್ಕು, ಹನ್ನೊಂದು. ಮಂತ್ರ ಯಾಕೆ?"

ಲೆಕ್ಕದಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಆದರೆ ಆ ಮಗುವಿನ ಮುಖ ನೋಡಬೇಕಿತ್ತು. ಎಲೆಗಳನ್ನು ಗೋಡೆಯ ಮೇಲೇ ಬಿಟ್ಟು ಒಳಗೆ ಹೋದಳು. ಮೇಷ್ಟ್ರದ್ದು ಕೆಟ್ಟ ಮನಸ್ಸೇನಲ್ಲ. ಸರಿ ಉತ್ತರ ಹೇಳೋದು ಅವರಿಗೆ ಆಕಳಿಕೆ ಇದ್ದ ಹಾಗೆ, ಬಂದರೆ ತಡೆಯಲಾಗುವುದಿಲ್ಲ. ಗಾಳಿಗೆ ಹಾರುತ್ತಿದ್ದ ಆಟೀನ್ ರಾಣಿಯನ್ನು ಹಿಡಿದು ಜೇಬಿಗೆ ಹಾಕಿಕೊಳ್ಳುತ್ತ ನಾನು ಅಂದೇ ತೀರ್ಮಾನ ಮಾಡಿದೆ: ಈ ಮೇಷ್ಟ್ರನ್ನು ಒಂದು ಸಲ, ಒಂದೇ ಒಂದು ಸಲ, ಯಾಮಾರಿಸಬೇಕು.

ಮೊದಲ ವಿಘ್ನ ಮನೆಯಲ್ಲೇ ಬಂತು. ಒಗೆಯಲು ಹಾಕಿದ ಶರ್ಟಿನ ಜೇಬಿನಿಂದ ಇಡೀ ಪ್ಯಾಕು ನನ್ನಾಕೆಯ ಕೈಗೆ ಸಿಕ್ಕಿತು. "ಏನ್ರೀ ಇದು? ರಿಟೈರಾದ ಮೇಲೆ ಈ ಚಟ ಬೇರೆ ಬಾಕಿ ಇತ್ತಾ? ನಾಳೆ ಪೇಪರಲ್ಲಿ ಇಸ್ಪೀಟ್ ಅಡ್ಡೆ ಮೇಲೆ ದಾಳಿ ಅಂತ ನಿಮ್ಮ ಫೋಟೋ ಬರಬೇಕಾ?" ಅವಳನ್ನೂ ತಪ್ಪು ಅನ್ನಲಾರೆ. ನಮ್ಮಲ್ಲಿ ಇಸ್ಪೀಟ್ ಎಲೆ ಅಂದರೆ ಮೊದಲು ನೆನಪಾಗೋದು ಅಂದರ್ ಬಾಹರ್, ಆಮೇಲೆ ಪೊಲೀಸ್ ಜೀಪು. ಜಾದೂ ನೆನಪಾಗೋದು ಎಲ್ಲಕ್ಕಿಂತ ಕೊನೆಗೆ.

ನಾನು ಮೈಸೂರಿನ ಮರ್ಯಾದೆಯನ್ನೇ ಅಡ್ಡ ತಂದೆ. "ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆ ಆಟಗಳನ್ನ ತಾವೇ ಹೊಸದಾಗಿ ಹೊಸೆದಿದ್ದರು ಕಣೇ. ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗವೇ ಇದೆ, ಅದರಲ್ಲಿ ಗಂಜೀಫಾ ವಿಷಯ ಬರೆಸಿದ್ದಾರೆ. ದಶಾವತಾರ ಗಂಜೀಫಾ ಅಂದರೆ ದುಂಡನೆಯ 120 ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು. ಒಂದು ಕೈ ಎಲೆ ಹಿಡಿದರೆ ಮತ್ಸ್ಯ, ಕೂರ್ಮ, ವರಾಹ ಎಲ್ಲರ ದರ್ಶನ." ಅವಳು ಪ್ಯಾಕನ್ನು ತಿರುವಿ ನೋಡಿದಳು. "ಅದರಲ್ಲಿ ದೇವರಿದ್ದ. ಇದರಲ್ಲಿ ಇರೋದು ಗುಲಾಮ." ಇತಿಹಾಸ ಅಲ್ಲಿಗೆ ಮುಗಿಯಿತು. ಕೊನೆಗೆ ಪುಟ್ಟಿಯ ಹೆಸರು ಹೇಳಿದ ಮೇಲೇ ಅನುಮತಿ ಸಿಕ್ಕಿದ್ದು, ಅದೂ ದೇವರ ಮನೆಯಿಂದ ದೂರ ಇಡಬೇಕೆಂಬ ಷರತ್ತಿನ ಮೇಲೆ.

ಕೈಗಳ ವಿಷಯದಲ್ಲಿ ನನಗೆ ಒಳಗೊಳಗೇ ಜಂಬ ಇತ್ತು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವನು. ಎಣಿಸುವ ಯಂತ್ರ ಬರುವ ಮೊದಲು ನೋಟಿನ ಕಟ್ಟನ್ನು ಬೀಸಣಿಗೆ ಹಾಗೆ ಬಿಡಿಸಿ ಎಣಿಸಿದ ಬೆರಳು ಇವು. ಮೊದಲ ದಿನವೇ ಜಂಬ ಇಳಿಯಿತು. ನೋಟು ಮೆತ್ತಗೆ, ಹೇಳಿದ ಮಾತು ಕೇಳುತ್ತದೆ. ಎಲೆ ಹಾಗಲ್ಲ. ಮೂಲೆ ಅಂಗಡಿಯಲ್ಲಿ ತಂದ ಪ್ಲಾಸ್ಟಿಕ್ ಪ್ಯಾಕು ಎಣ್ಣೆ ಸ್ನಾನ ಮಾಡಿದ ಮಗುವಿನ ಹಾಗೆ ಜಾರಿತು. ಅಳಿಯ ಎಲ್ಲಿಂದಲೋ ಬೈಸಿಕಲ್ ಅನ್ನುವ ಅಮೆರಿಕದ ಪ್ಯಾಕು ತಂದುಕೊಟ್ಟ. 1885ರಿಂದ ಅದೇ ಹೆಸರಿನಲ್ಲಿ ಮಾರುತ್ತಿದ್ದಾರಂತೆ. ಕಾಗದದ ಎಲೆ, ಮೈಮೇಲೆ ಬೆರಳಿಗಷ್ಟೇ ಗೊತ್ತಾಗುವ ಸಣ್ಣ ತಗ್ಗುಗಳು. ಆ ತಗ್ಗಿನಲ್ಲಿ ಗಾಳಿ ನಿಂತು ಎಲೆ ಎಲೆಯ ಮೇಲೆ ಸಲೀಸಾಗಿ ಸರಿಯುತ್ತದೆ. ಆದರೆ ಕ್ಯಾಷಿಯರನ ಒಂದು ಚಾಳಿ ನನ್ನ ಕೈ ಬಿಡಲಿಲ್ಲ. ಪ್ರತಿ ಹತ್ತು ಎಲೆಗೊಮ್ಮೆ ಹೆಬ್ಬೆರಳು ತಾನಾಗಿಯೇ ಒದ್ದೆ ಸ್ಪಂಜು ಹುಡುಕಿಕೊಂಡು ಮೇಜಿನ ಬಲಗಡೆಗೆ ಹೋಗುತ್ತಿತ್ತು.

ಇಸ್ಪೀಟ್ ಜಾದೂ ಕಲಿಯುವವರಿಗೆ ನನ್ನ ಮೊದಲ ಉಪದೇಶ ಇದು: ಹಾಸಿಗೆಯ ಮುಂದೆ ನಿಂತು ಅಭ್ಯಾಸ ಮಾಡಿ. ಎಲೆ ಬೀಳುವುದು ಗ್ಯಾರಂಟಿ. ನೆಲಕ್ಕೆ ಬಿದ್ದರೆ 52 ಸಲ ಬಗ್ಗಬೇಕು, ಹಾಸಿಗೆಗೆ ಬಿದ್ದರೆ ಬಾಚಿಕೊಂಡರಾಯಿತು. ನನ್ನ ವಯಸ್ಸಿನವರಿಗೆ ಇದು ಕಲೆಯ ಪ್ರಶ್ನೆ ಅಲ್ಲ, ಸೊಂಟದ ಪ್ರಶ್ನೆ.

ಎರಡು ವಾರ ಕಳೆಯುವಷ್ಟರಲ್ಲಿ ಒಂದು ವಿಷಯ ಅರಿವಿಗೆ ಬಂತು. ಈ ವಿದ್ಯೆಯ ದೊಡ್ಡ ಪಂಡಿತರು ನನ್ನ ಸುತ್ತಲೇ ಇದ್ದರು, ಎಲೆ ಮುಟ್ಟಿರಲಿಲ್ಲ ಅಷ್ಟೆ. ಜಾದೂಗಾರ ಎಲೆಗಳನ್ನು ಬಿಡಿಸಿ ಹಿಡಿದು "ನಿಮಗೆ ಬೇಕಾದ್ದು ತಗೊಳ್ಳಿ" ಅನ್ನುತ್ತಾನೆ. ನೀವು ಕೈ ಚಾಚುವ ಗಳಿಗೆಗೆ ಸರಿಯಾಗಿ ತನಗೆ ಬೇಕಾದ ಎಲೆಯನ್ನೇ ನಿಮ್ಮ ಬೆರಳಿಗೆ ತಾಗಿಸುತ್ತಾನೆ. ಆರಿಸಿದವರು ನೀವೇ ಅಂತ ನೀವು ಪ್ರಮಾಣ ಮಾಡಿ ಹೇಳುತ್ತೀರಿ. ಸೀರೆ ಅಂಗಡಿಯ ಹುಡುಗ ಮಾಡೋದು ಇದನ್ನೇ ಅಲ್ಲವೇ? ನಲವತ್ತು ಸೀರೆ ಹರವುತ್ತಾನೆ, ಮೂವತ್ತೊಂಬತ್ತನ್ನು ಸರಸರನೆ, ಒಂದನ್ನು ಮಾತ್ರ ನಿಧಾನವಾಗಿ, ಸೆರಗು ಭುಜದ ಮೇಲೆ ಹಾಕಿಕೊಂಡು.

ಇನ್ನೊಂದು ವಿದ್ಯೆ ಇದೆ. ಮೇಜಿನ ಮೇಲೆ ಎರಡು ಎಲೆ ಮಗುಚಿಟ್ಟು "ಒಂದನ್ನ ಮುಟ್ಟಿ" ಅನ್ನುತ್ತಾರೆ. ನೀವು ಜಾದೂಗಾರನಿಗೆ ಬೇಕಾದ್ದನ್ನು ಮುಟ್ಟಿದರೆ "ಸರಿ, ಇದು ನಿಮ್ಮದು." ಬೇಡದ್ದನ್ನು ಮುಟ್ಟಿದರೆ "ಸರಿ, ಇದನ್ನ ತೆಗೆದುಬಿಡೋಣ." ಆಯ್ಕೆ ನಿಮ್ಮದು, ಅರ್ಥ ಹೇಳುವವನು ಅವನು. ಇದನ್ನು ಓದಿದಾಗ ನನಗೆ ಫಕ್ಕನೆ ಹೊಳೆಯಿತು. ನನ್ನಾಕೆ ಎಷ್ಟು ವರ್ಷಗಳಿಂದ "ಉಪ್ಪಿಟ್ಟು ಮಾಡಲಾ, ಚಿತ್ರಾನ್ನ ಮಾಡಲಾ?" ಅಂತ ಕೇಳುತ್ತಿದ್ದಾಳೆ! ಉಪ್ಪಿಟ್ಟು ಅಂದರೆ ಉಪ್ಪಿಟ್ಟು. ಚಿತ್ರಾನ್ನ ಅಂದರೆ "ಸರಿ, ಅದನ್ನ ರಾತ್ರಿಗೆ ಇಟ್ಕೊಳ್ಳೋಣ, ಈಗ ಉಪ್ಪಿಟ್ಟು ತಿನ್ನಿ." ಇಷ್ಟು ವರ್ಷ ನಾನು ಬಾಯಿ ರುಚಿ ಕೇಳಿ ಮಾಡಿಸಿಕೊಂಡು ತಿನ್ನುವ ಗಂಡಸು ಅಂತ ಬೀಗಿದ್ದೇ ಬಂತು.

ಮೇಷ್ಟ್ರಿಗಾಗಿ ನಾನು ಆರಿಸಿಕೊಂಡದ್ದು ನಾಲ್ಕು ಕಳ್ಳರ ಕತೆ. ಜಾದೂ ಕಲಿಯುವ ಮಕ್ಕಳ ಪುಸ್ತಕಗಳಲ್ಲೆಲ್ಲ ಇರುವ ಹಳೇ ಆಟ. ನಾಲ್ಕು ಗುಲಾಮರನ್ನು ಬೀಸಣಿಗೆ ಮಾಡಿ ತೋರಿಸುವುದು, ಇವರು ಕಳ್ಳರು. ಎಲೆಯ ಕಟ್ಟು ಒಂದು ಮನೆ. ನಾಲ್ವರೂ ಮಹಡಿಯ ಮೇಲೆ ಇಳಿಯುತ್ತಾರೆ. ಒಬ್ಬ ಕೆಳಗಿನ ಮನೆಗೆ, ಇನ್ನೊಬ್ಬ ನಡುಮನೆಗೆ, ಮತ್ತೊಬ್ಬ ಮೇಲಿನ ರೂಮಿಗೆ ನುಗ್ಗುತ್ತಾರೆ. ನಾಲ್ಕನೆಯವನು ಮೇಲೇ ನಿಂತು ಕಾವಲು. ಪೊಲೀಸರ ಸೀಟಿ ಕೇಳುತ್ತದೆ. ಕಟ್ಟಿನ ಮೇಲೆ ಟಕಟಕ ಬಡಿದು ನೋಡಿದರೆ ನಾಲ್ವರೂ ಮತ್ತೆ ಮಹಡಿಯ ಮೇಲೆ ಹಾಜರ್.

ಮೊದಲ ಪ್ರಯೋಗ ಮಾಡಿದ್ದು ನಮ್ಮ ಬಂಧುಗಳ ಮನೆಯ ಒಂದು ಹುಟ್ಟುಹಬ್ಬದಲ್ಲಿ. ಇಪ್ಪತ್ತು ಮಕ್ಕಳು ನೆಲದ ಮೇಲೆ ಕೂತಿದ್ದರು. ನಾನು ಕುರ್ಚಿಯಲ್ಲಿ ಕೂತು ಗುಲಾಮರನ್ನು ಬಿಡಿಸಿ ಹಿಡಿದು "ನೋಡಿ ಮಕ್ಕಳೇ" ಅಂದದ್ದೇ ತಡ, ನನ್ನ ಬೆನ್ನ ಹಿಂದಿನಿಂದ ಒಂದು ದನಿ ಬಂತು: "ತಾತ, ಕೊನೇ ಎಲೆ ಹಿಂದೆ ಇನ್ನೂ ಮೂರು ಎಲೆ ಬಚ್ಚಿಟ್ಟಿದ್ದೀಯ!" ಯುಕೆಜಿ ಹುಡುಗ. ಕೇಕಿನ ಕ್ರೀಮು ಹತ್ತಿದ ಬೆರಳನ್ನು ಆ ಮೂರು ಎಲೆಯ ಮೇಲೇ ಇಟ್ಟು ತೋರಿಸಿದ. ಮಿಕ್ಕ ಹತ್ತೊಂಬತ್ತು ಮಕ್ಕಳು ಎದ್ದು ನನ್ನ ಹಿಂದೆ ಬಂದರು. ಮುಂದೆ ಯಾರೂ ಉಳಿಯಲಿಲ್ಲ.

ಮನೆಗೆ ಬಂದು ಸಮಾಧಾನಕ್ಕೆ ಹಳೇ ಜಾದೂಗಾರರ ಕತೆ ಓದಿದೆ. 1922ರಲ್ಲಿ ಶಿಕಾಗೋದ ಒಂದು ಹೋಟೆಲಿನಲ್ಲಿ ಡೈ ವರ್ನನ್ ಅನ್ನುವ ಕೆನಡಾದ ತರುಣ ಹೂಡಿನಿಯ ಎದುರಿಗೆ ಕೂತ. ಬೇಡಿ, ಪೆಟ್ಟಿಗೆ ಎಲ್ಲ ಬಿಚ್ಚಿಕೊಂಡು ಬರುತ್ತಿದ್ದ ಆ ಮಹಾ ಹೂಡಿನಿ, ಮೂರು ಸಲ ತೋರಿಸಿದರೆ ಯಾವ ಜಾದೂವಿನ ಗುಟ್ಟನ್ನಾದರೂ ಹಿಡಿಯುತ್ತೇನೆ ಅಂತ ಹೇಳಿಕೊಳ್ಳುತ್ತಿದ್ದ. ಹೂಡಿನಿ ಸಹಿ ಹಾಕಿದ ಎಲೆಯನ್ನು ವರ್ನನ್ ಮೇಲಿನಿಂದ ಎರಡನೆಯದಾಗಿ ಇಟ್ಟ. ಅದು ಮೇಲೆ ಬಂತು. ಮತ್ತೆ ಇಟ್ಟ, ಮತ್ತೆ ಮೇಲೆ ಬಂತು. ಏಳು ಸಲ ನೋಡಿದರೂ ಹೂಡಿನಿಗೆ ಬಗೆಹರಿಯಲಿಲ್ಲವಂತೆ. ಆಮೇಲೆ ವರ್ನನ್‌ಗೆ ಬದುಕಿಡೀ ಅಂಟಿಕೊಂಡ ಬಿರುದು, ಹೂಡಿನಿಯನ್ನು ಯಾಮಾರಿಸಿದವನು ಅಂತಲೇ. ನನಗೆ ಹೊಳೆದದ್ದು ಇಷ್ಟು: ಹೂಡಿನಿ ಎದುರಿಗೆ ಕೂತಿದ್ದ, ಬೆನ್ನ ಹಿಂದೆ ಅಲ್ಲ. ಇನ್ನೂ ಒಂದು ಮಾತು. ದೊಡ್ಡವರು ನೀವು ನೋಡುವ ಕಡೆ ನೋಡುತ್ತಾರೆ. ಮಕ್ಕಳು ತಮಗೆ ಬೇಕಾದ ಕಡೆ ನೋಡುತ್ತಾರೆ. ಹೂಡಿನಿಯನ್ನು ಏಳು ಸಲ ಯಾಮಾರಿಸಬಹುದು, ಯುಕೆಜಿ ಹುಡುಗನನ್ನು ಒಂದು ಸಲವೂ ಆಗುವುದಿಲ್ಲ.

ಇನ್ನೊಬ್ಬನ ಕತೆ ನನ್ನನ್ನು ಹಿಡಿದು ನಿಲ್ಲಿಸಿತು. ಅರ್ಜೆಂಟೀನಾದ ರೆನೆ ಲವಾಂದ್. ಒಂಬತ್ತನೇ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಹೋಯಿತು. ಉಳಿದ ಎಡಗೈ ಒಂದರಲ್ಲೇ ಎಲೆ ಕಲಸಿ, ಹಂಚಿ, ಮಾಯ ಮಾಡಿ ಲೋಕದ ಜಾದೂಗಾರರೆಲ್ಲ ಕೈಮುಗಿಯುವಂತೆ ಆದವನು, ತೀರಿಕೊಂಡದ್ದು 2015ರಲ್ಲಿ. ಕೈಚಳಕ ಅಂದರೆ ವೇಗ ಅಂತ ನಾವು ತಿಳಿದಿದ್ದೇವೆ. ಆತ ಮಾಡುತ್ತಿದ್ದದ್ದು ನಿಧಾನ. ಮೇಜಿನ ಮುಂದೆ ಕೂತು ತಣ್ಣಗೆ ಕತೆ ಹೇಳುತ್ತ, ಅದೇ ಆಟವನ್ನು ಇನ್ನೂ ನಿಧಾನವಾಗಿ, ಇನ್ನೂ ನಿಧಾನವಾಗಿ ಮಾಡಿ ತೋರಿಸುತ್ತಿದ್ದ. ನನಗೆ ನಾಚಿಕೆಯಾಯಿತು. ಎರಡು ಕೈ ಇಟ್ಟುಕೊಂಡು ನಾನು ಬಸ್ ತಪ್ಪಿಹೋಗುವವನ ಹಾಗೆ ಅವಸರ ಮಾಡುತ್ತಿದ್ದೆ. ನನಗೆ ದೇವರು ಕೊಟ್ಟಿದ್ದ ಒಂದೇ ವರವನ್ನು, ಅಂದರೆ ಮಾತನ್ನು, ಬಳಸಿಕೊಂಡೇ ಇರಲಿಲ್ಲ. ನಮ್ಮವರು ಈ ವಿದ್ಯೆಗೆ ಕಣ್ಕಟ್ಟು ಅಂತ ಹೆಸರಿಟ್ಟಿದ್ದಾರೆ. ಕಣ್ಣು ಕಟ್ಟಲು ಬಟ್ಟೆ ಬೇಕಿಲ್ಲ, ಒಂದು ಒಳ್ಳೇ ಹರಟೆ ಸಾಕು. ತಂತ್ರ ಒಂದಾಣೆ, ಮಾತು ಹದಿನೈದಾಣೆ.

ಜಾಗವೂ ಸಿಕ್ಕಿತು. ನಮ್ಮ ಕಾಂಪೌಂಡು ಗೋಡೆ! ನೋಡುವವರು ಆ ಕಡೆ, ಮಾಡುವವನು ಈ ಕಡೆ. ಬೆನ್ನ ಹಿಂದೆ ಬರಬೇಕಾದರೆ ಗೇಟು ದಾಟಿ ಸುತ್ತಿ ಬರಬೇಕು, ಮೇಷ್ಟ್ರ ಮಂಡಿನೋವಿಗೆ ಅದು ಆಗದ ಮಾತು.

ಒಂದು ಭಾನುವಾರ ಗೋಡೆಯ ಮೇಲೆ ಪೇಪರ್ ಹಾಸಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಪುಟ್ಟಿಯನ್ನು ನಿಲ್ಲಿಸಿಕೊಂಡು ಶುರು ಮಾಡಿದೆ. "ಮೇಷ್ಟ್ರೇ, ಇದು ನಿಮ್ಮ ಮನೆ."

"ನಮ್ಮ ಮನೆ ಇಷ್ಟು ಸಣ್ಣದಾಗಿದೆಯೇ?" ಅಂದರು.

"ಬಾಡಿಗೆಗೆ ಅಂತ ಮೇಲೆ ಇನ್ನೂ ಎರಡು ಅಂತಸ್ತು ಎತ್ತಿದ್ದೀರಲ್ಲ, ಆ ಸುದ್ದಿ ಕೇಳಿ ನಾಲ್ಕು ಕಳ್ಳರು ಬಂದಿದ್ದಾರೆ. ಇವನು ಕಳಾವರ್, ಇವನು ಡೈಮನ್, ಇವನು ಆಟೀನ್, ಇವನು ಇಸ್ಪೀಟ್." ಎಲೆ ಒಟ್ಟುಮಾಡಿ ಕಟ್ಟಿನ ಮೇಲಿಟ್ಟೆ. "ಅಂದ ಹಾಗೆ, ಎರಡನೇ ಮಹಡಿಗೆ ಯಾರಾದರೂ ಬಂದರೇ?"

ಅಷ್ಟು ಸಾಕಿತ್ತು. "ಏನು ಬರೋದು ರಾಯರೇ! ಬಂದವರೆಲ್ಲ ಲಿಫ್ಟ್ ಇದೆಯಾ ಅಂತಾರೆ. ಅಡ್ವಾನ್ಸು ಹತ್ತು ತಿಂಗಳದು ಅಂದರೆ ಎರಡು ತಿಂಗಳದು ಕೊಡ್ತೀವಿ ಅಂತಾರೆ. ಮೊನ್ನೆ ಒಬ್ಬ..." ಅವರು ಮೊನ್ನೆಯವನ ಕತೆ ಹೇಳುತ್ತಿದ್ದಾಗ ನಾನು "ಹೌದಾ, ಹೌದಾ" ಅನ್ನುತ್ತ ಒಬ್ಬ ಕಳ್ಳನನ್ನು ಕೆಳಗಿನ ಮನೆಗೆ, ಒಬ್ಬನನ್ನು ನಡುಮನೆಗೆ, ಒಬ್ಬನನ್ನು ಆ ಬಾಡಿಗೆಗೆ ಹೋಗದ ಮಹಡಿಗೆ ನುಗ್ಗಿಸಿದೆ. ನಾಲ್ಕನೆಯವನನ್ನು ತಿರುಗಿಸಿ ತೋರಿಸಿದೆ: ಇಸ್ಪೀಟ್ ಗುಲಾಮ. "ಕಾವಲಿಗೆ ಇವನು. ನೋಡಿ, ಮುಖ ಪಕ್ಕಕ್ಕೆ ತಿರುಗಿದೆ, ಕಾಣೋದು ಒಂದೇ ಕಣ್ಣು. ನಿಮ್ಮ ಮನೆಯಲ್ಲಿ ಕದಿಯೋಕೆ ಇರೋದಕ್ಕೆ ಒಂದು ಕಣ್ಣಿನ ಕಾವಲು ಸಾಕು." ಪುಟ್ಟಿ ಬಾಯಲ್ಲಿ ಬೆರಳಿಟ್ಟು ಸೀಟಿ ಹಾಕಿದಳು. ನಾನು ಮೂರು ಸಲ ಬಡಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ವರು ಗುಲಾಮರೂ ಮೇಲೆ.

ಮೇಷ್ಟ್ರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹಾಲಿನ ಪ್ಯಾಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಮಾಡಿ." ಈ ವಿದ್ಯೆಯ ಮೊದಲ ನಿಯಮ ಅಂದರೆ, ಆ ಮಾತಿಗೆ ಒಪ್ಪಬಾರದು. ವರ್ನನ್ ಅಂಥವನು ಏಳು ಸಲ ಮಾಡಬಹುದು, ನಾವು ಮಾಡಬಾರದು. "ಕಾಫಿ ಆರುತ್ತೆ ಮೇಷ್ಟ್ರೇ" ಅಂತ ಒಳಗೆ ಬಂದೆ.

ಓದುಗರಿಗೆ ಗುಟ್ಟು ಹೇಳಿಬಿಡುತ್ತೇನೆ. ಮೇಷ್ಟ್ರು ಈ ಪತ್ರಿಕೆಯಲ್ಲಿ ಪದಬಂಧ ಬಿಟ್ಟು ಬೇರೇನೂ ನೋಡುವುದಿಲ್ಲ. ಯುಕೆಜಿ ಹುಡುಗ ಹೇಳಿದ್ದೇ ಸರಿ: ಬೀಸಣಿಗೆಯ ಕೊನೆಯ ಗುಲಾಮನ ಹಿಂದೆ ಮೂರು ಬೇರೆ ಎಲೆ ಅಂಟಿಕೊಂಡಂತೆ ಇರುತ್ತವೆ. ಒಟ್ಟುಮಾಡಿ ಕಟ್ಟಿನ ಮೇಲೆ ಮಗುಚಿಟ್ಟರೆ ಆ ಮೂರು ಮೇಲೆ, ಗುಲಾಮರು ಅದರ ಕೆಳಗೆ. ಮನೆಯೊಳಗೆ ನುಗ್ಗುವುದು ಆ ಮೂವರು ಅಮಾಯಕರು. ಗುಲಾಮರು ಜಾಗ ಬಿಟ್ಟು ಕದಲುವುದೇ ಇಲ್ಲ. ಅಷ್ಟೇ. ಹಂಚುವುದೂ ಇಲ್ಲ, ಕಲಸುವುದೂ ಇಲ್ಲ.

ಮೇಷ್ಟ್ರು ಮೂರು ದಿನ ಗೋಡೆಯ ಹತ್ತಿರ ಬರಲಿಲ್ಲ. ನಾಲ್ಕನೇ ದಿನ ಬಂದರು, ಕೈಯಲ್ಲಿ ಹಾಲಿನ ಜೊತೆ ಒಂದು ನೋಟ್‌ಬುಕ್ಕು. "ರಾಯರೇ, ಕಟ್ಟನ್ನ ಸರಿಯಾಗಿ 26, 26 ಅಂತ ಸೀಳಿ, ಒಂದರ ನಡುವೆ ಒಂದು ಬರೋ ಹಾಗೆ ಹೆಣೆದರೆ, ಮೇಲಿನ ಎಲೆ ಮೇಲೇ ಉಳಿಯೋ ಹಾಗೆ, ಎಂಟು ಸಲಕ್ಕೆ 52 ಎಲೆಯೂ ಮೊದಲಿನ ಕ್ರಮಕ್ಕೇ ಬರುತ್ತವೆ. ನೀವು ಅದನ್ನ ಮಾಡಿದಿರಾ?" ಇಲ್ಲ ಅಂದೆ. "ಪರ್ಸಿ ಡಯಾಕೊನಿಸ್ ಅಂತ ಇದ್ದಾರೆ, ಸ್ಟ್ಯಾನ್‌ಫರ್ಡಿನ ಗಣಿತದ ಪ್ರೊಫೆಸರು. ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ನಿಮ್ಮ ಆ ವರ್ನನ್ ಹಿಂದೆ ಜಾದೂ ಕಲಿಯೋಕೆ ಹೋದವರು. ಆಮೇಲೆ ಗಣಿತಕ್ಕೆ ಬಂದು, ಎಲೆ ಚೆನ್ನಾಗಿ ಬೆರೆಯೋಕೆ ಎಷ್ಟು ಸಲ ಹೆಣೆಯಬೇಕು ಅಂತ ಲೆಕ್ಕ ಹಾಕಿದರು. 1992ರಲ್ಲಿ ಬಾಯರ್ ಅನ್ನೋವರ ಜೊತೆ ಬರೆದ ಲೇಖನ, ಉತ್ತರ ಏಳು." ಸ್ವಲ್ಪ ತಡೆದು ನಿಟ್ಟುಸಿರು ಬಿಟ್ಟರು. "ನನ್ನ ಕ್ಲಾಸಿನಿಂದಲೂ ಎಷ್ಟೋ ಹುಡುಗರು ಓಡಿಹೋದರು. ಒಬ್ಬನೂ ಗಣಿತಕ್ಕೆ ವಾಪಸ್ ಬರಲಿಲ್ಲ."

ಪಾಪ, ಲೆಕ್ಕವೇ ಇಲ್ಲದ ಕಡೆ ಲೆಕ್ಕ ಹುಡುಕುತ್ತಿದ್ದರು. ಅವರನ್ನು ಯಾಮಾರಿಸಿದ್ದು ನನ್ನ ಬೆರಳಲ್ಲ, ಅವರದೇ ಬಾಡಿಗೆ ಮನೆಯ ಚಿಂತೆ.

ಗುಟ್ಟು ಕೇಳಿದರು. "ನನಗೆ ಹೇಳುವ ಅಧಿಕಾರ ಇಲ್ಲ, ಅದು ಪುಟ್ಟಿಯ ಆಸ್ತಿ" ಅಂದೆ. ಪುಟ್ಟಿ ಒಳಗಿನಿಂದ ಪ್ಯಾಕು ತಂದಳು. ಗುಟ್ಟು ಹೇಳಲಿಲ್ಲ. ಗೋಡೆಯ ಮೇಲೆ ಅದೇ ಹಳೇ ಮೂರು ಸಾಲು ಹರವಿ, "ಒಂದು ಎಲೆ ಮನಸ್ಸಲ್ಲಿ ಇಟ್ಕೊಳ್ಳಿ ಮೇಷ್ಟ್ರಜ್ಜ" ಅಂದಳು. ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಸಾಲು ಹೇಳಿದರು, ಮತ್ತೆ ಹೇಳಿದರು, ಮೂರನೇ ಸಲವೂ ಹೇಳಿದರು. ಹನ್ನೊಂದನೇ ಎಲೆ ಬಂದಾಗ ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡು "ಅಬ್ಬಾ! ಇದು ಹೇಗೆ ಮಗು?" ಅಂದರು. ಅಷ್ಟು ಚೆನ್ನಾದ ಜಾದೂ ಆ ಗೋಡೆಯ ಮೇಲೆ ಅದುವರೆಗೆ ನಡೆದಿರಲಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಮನೆಯ ಮಗು ಮಾಸಿದ ಪ್ಯಾಕು ಹಿಡಿದು ಬಂದು "ಒಂದು ಎಲೆ ತಗೊಳ್ಳಿ" ಅಂದರೆ, ಕೈಲಿರುವ ಮೊಬೈಲು ಕೆಳಗಿಟ್ಟು ಎಲೆ ತಗೊಳ್ಳಿ. ಹನ್ನೊಂದನೆಯದು ಅಂತ ಗೊತ್ತಿದ್ದರೂ ಬಾಯಿ ಬಿಡಬೇಡಿ.